ಐದನೆಯವಳಿಗೊಂದು ಟಿಕೆಟ್

ಬುಧವಾರ, ಜನವರಿ 8

ಮಾನ್ಯರೇ,

ಮಾನಸಿಕ ಆರೋಗ್ಯ ಕೇಂದ್ರದ ಫಲಾನುಭವಿಯಾದ ತಮ್ಮನ್ನು ಖುದ್ದಾಗಿ ಭೇಟಿ ಮಾಡಲು ಇಂದು ಸಂಜೆ ನಾಲ್ಕು ಗಂಟೆಗೆ ತಮ್ಮ ನಿವಾಸಕ್ಕೆ ಆಗಮಿಸಿದ್ದು, ಬಾಗಿಲು ತೆರೆಯದ ಕಾರಣ ಭೇಟಿ ಸಾಧ್ಯವಾಗಿರುವುದಿಲ್ಲ. ತಾವು ದಯವಿಟ್ಟು ಸಹಕರಿಸಬೇಕಾಗಿ ಕೋರಲಾಗಿದೆ.

ಇಲ್ಲಿಯವರೆಗಿನದು ಕಚೇರಿಯ ಮಾದರಿ ಪತ್ರ. ಓದಿ ನೋಡಿದೆ, ನನಗೇ ಬಾಗಿಲು ತೆರೆಯುವ ಮನಸ್ಸಾಗಲಿಲ್ಲ. ಆದ್ದರಿಂದ ನಿಮ್ಮ ಮೆಟ್ಟಿಲ ಮೇಲೆ ಕೂತು ಮಿಕ್ಕದ್ದನ್ನು ನಾನೇ ಬರೆಯುತ್ತಿದ್ದೇನೆ.

ನಾನು ಕೇಂದ್ರದ ಹೊಸ ಸಮಾಜ ಕಾರ್ಯಕರ್ತೆ. ಕೆಲಸಕ್ಕೆ ಸೇರಿ ಇದು ಎರಡನೆಯ ವಾರ. ನೀವು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಯಾರಿಗೂ ಬಾಗಿಲು ತೆಗೆದಿಲ್ಲ, ಹೊರಗೂ ಕಾಲಿಟ್ಟಿಲ್ಲ ಎಂದು ನಿಮ್ಮ ತಂಗಿ ಫೋನಿನಲ್ಲಿ ಹೇಳಿದರು. ಅವರು ಹೇಳಿದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. “ನಮ್ಮಕ್ಕ ಇಪ್ಪತ್ತು ವರ್ಷ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋಳು. ಯಾರ ಮಾತೂ ಕೇಳೋಳಲ್ಲ. ನೀವು ಜಾಸ್ತಿ ಬಲವಂತ ಮಾಡಿದ್ರೆ ಮೆಟ್ಟಿಲಿಂದಾನೇ ಇಳಿಸಿಬಿಡ್ತಾಳೆ” ಎಂದರು.

ಇಳಿಸುವುದಕ್ಕಾದರೂ ಬಾಗಿಲು ತೆಗೆಯಬೇಕಲ್ಲ ಎಂಬುದು ನನ್ನ ಆಸೆ. ಮುಂದಿನ ಬುಧವಾರ ಇದೇ ಹೊತ್ತಿಗೆ ಬರುತ್ತೇನೆ. ಉತ್ತರ ಬರೆಯಬೇಕೆನಿಸಿದರೆ ಬಾಗಿಲ ಕೆಳಗಿನಿಂದ ತಳ್ಳಿ.

ಇಂತಿ,
ಕೇಂದ್ರದ ಸಮಾಜ ಕಾರ್ಯಕರ್ತೆ

*

ಬುಧವಾರ, ಜನವರಿ 15

ಐದನೆಯವರಿಗೆ,

ನಿಮ್ಮ ಹೆಸರು ಕೇಳುವುದಿಲ್ಲ. ನಿಮ್ಮ ಕೇಂದ್ರದಿಂದ ಈ ಬಾಗಿಲಿಗೆ ಬಂದವರಲ್ಲಿ ನೀವು ಐದನೆಯವರು. ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಒಬ್ಬೊಬ್ಬರೂ ಇಳಿದುಹೋಗಿದ್ದಾರೆ. ಮೊದಲು ಬಂದಾತ ಬಾಗಿಲ ಆಚೆಯಿಂದಲೇ, “ನಿಮ್ಮ ದುಃಖಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ ಮೇಡಂ?” ಎಂದು ಕೇಳಿದ. ಪಾಸಾಗಲು ಎಷ್ಟು ಬೇಕು ಎಂದು ಕೇಳಿದೆ. ಆಮೇಲೆ ಬರಲಿಲ್ಲ. ಇನ್ನೊಬ್ಬಳು ದಿನಾ ಫೋನ್ ಮಾಡಿ, “ನನ್ನನ್ನ ನಿಮ್ಮ ಸ್ವಂತ ಮಗಳು ಅಂದ್ಕೊಳ್ಳಿ” ಎನ್ನುತ್ತಿದ್ದಳು. ಅಂದುಕೊಂಡೆ. ಅಂದುಕೊಂಡ ಕೆಲವೇ ದಿನಕ್ಕೆ ಅವಳಿಗೆ ಬೇರೆ ಕಡೆಗೆ ವರ್ಗವಾಯಿತೆಂದು ಕಚೇರಿಯಿಂದ ಯಾರೋ ತಿಳಿಸಿದರು. ಅವಳು ಹೋಗಿಬರುತ್ತೇನೆ ಎಂದು ಒಂದು ಮಾತು ಹೇಳಲಿಲ್ಲ. ಉಳಿದಿಬ್ಬರ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ, ಅವರು ನನ್ನ ಬಗ್ಗೆ ಬೇಕಾದಷ್ಟು ಬರೆದಿರುತ್ತಾರೆ.

ಫಲಾನುಭವಿ ಎಂದು ಕರೆದಿದ್ದೀರಿ. ನಾನು ಅನುಭವಿಸಿದ ಫಲ ಯಾವುದೆಂದು ಕಚೇರಿಯಲ್ಲಿ ವಿಚಾರಿಸಿ ತಿಳಿಸಿ.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನಿಮ್ಮ ಉತ್ಸಾಹ ಇಳಿಯುವವರೆಗೆ ಬಂದು ಹೋಗುತ್ತಿರಿ. ನಾನು ಬೇಡವೆನ್ನಲು ಮೆಟ್ಟಿಲು ನನ್ನದಲ್ಲ, ಕಟ್ಟಡದ ಮಾಲೀಕರದು.

ಇಂತಿ,
ಬಾಗಿಲ ಒಳಗಿನವಳು

*

ಬುಧವಾರ, ಜನವರಿ 22

ಕಂಡಕ್ಟರಮ್ಮನವರಿಗೆ ನಮಸ್ಕಾರ.

ವಿಚಾರಿಸಿದೆ. ಯಾವ ಫಲವೂ ಇಲ್ಲವಂತೆ. ಇನ್ನು ಮುಂದೆ ಆ ಪದ ಬಳಸುವುದಿಲ್ಲ.

ಒಂದು ವಿಷಯ ನೇರವಾಗಿ ಹೇಳಬೇಕಾಗಿದೆ. “ಈಗಲೇ ಹೇಳ್ಬೇಡಿ, ಹೆದರಿಕೊಳ್ತಾರೆ” ಎಂದು ನಮ್ಮ ಹಿರಿಯರು ಎಚ್ಚರಿಸಿದ್ದರು. ಅವರ ಹತ್ತಿರ ವಾದ ಮಾಡಿ ಒಪ್ಪಿಸಿ ಬಂದಿದ್ದೇನೆ, ಏಕೆಂದರೆ ನಿಮ್ಮ ವಿಷಯ ಊರಿಗೆಲ್ಲ ಗೊತ್ತಿದ್ದು ನಿಮಗೇ ಗೊತ್ತಿಲ್ಲದಿರುವುದು ಸರಿಯಲ್ಲ. ಬಸ್ ಡಿಪೋದವರು ನಿಮ್ಮ ಕೆಲಸವನ್ನು ಏಪ್ರಿಲ್ 30ರವರೆಗೆ ಮಾತ್ರ ಕಾದಿಡುತ್ತಾರೆ. ಅಷ್ಟರೊಳಗೆ ನೀವು ಕೇಂದ್ರಕ್ಕೆ ಬಂದು ಡಾಕ್ಟರನ್ನು ಕಾಣಬೇಕು. ಕೆಲಸಕ್ಕೆ ಮರಳಬಹುದು ಎಂದು ಅವರು ಬರೆದುಕೊಡಬೇಕು. ಇಲ್ಲದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ. ಡಾಕ್ಟರು ಮನೆಗೆ ಬರುವುದಿಲ್ಲ. ಕೇಳಿ ನೋಡಿದೆ, ಬೈಸಿಕೊಂಡೆ.

ಇನ್ನು ನನ್ನ ಮಾತು. ಬುಧವಾರ ನಾಲ್ಕಕ್ಕೆ ಬಂದು ಒಂದೇ ಒಂದು ಸಲ ಬೆಲ್ ಮಾಡುತ್ತೇನೆ. ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತು ಎದ್ದು ಹೋಗುತ್ತೇನೆ. ಬೇರೆ ದಿನ ಬರುವುದಿಲ್ಲ, ಯಾರನ್ನೂ ಕರೆತರುವುದಿಲ್ಲ. ಮಗಳು ಎಂದುಕೊಳ್ಳಿ ಎಂದೂ ಹೇಳುವುದಿಲ್ಲ. ಮನೆಯಲ್ಲಿ ನನಗೊಬ್ಬರು ಅಮ್ಮ ಇದ್ದಾರೆ, ಅವರನ್ನು ನಿಭಾಯಿಸುವುದರಲ್ಲೇ ಸಾಕುಸಾಕಾಗಿದೆ. ಮೊನ್ನೆ ಹೊಸ ಕೆಲಸದಲ್ಲಿ ಏನು ಮಾಡುತ್ತೀಯ ಎಂದು ಕೇಳಿದರು. ಮೆಟ್ಟಿಲ ಮೇಲೆ ಕೂರುತ್ತೇನೆ ಎಂದೆ. “ಅದಕ್ಕೂ ಸಂಬಳ ಕೊಡ್ತಾರಾ? ಹಾಗಿದ್ರೆ ನಿಮ್ಮಪ್ಪಂದೂ ಒಂದು ಅರ್ಜಿ ಹಾಕು” ಎಂದರು.

ಇಂತಿ,
ಐದನೆಯವಳು

*

ಬುಧವಾರ, ಫೆಬ್ರವರಿ 12

ಐದನೆಯವಳೇ,

ಬಾಗಿಲ ಗಾಜಿನ ಕಿಂಡಿಯಿಂದ ನಿನ್ನ ಮುಖ ನೋಡಿದ ಮೇಲೆ ನೀವು ಎನ್ನಲು ನಾಲಿಗೆ ಹೊರಳುತ್ತಿಲ್ಲ. ನನ್ನ ತಂಗಿಯ ಮಗಳ ವಯಸ್ಸು ನಿನ್ನದು. ಅವಳಂತೆಯೇ ನಿನಗೂ ಮೈಮೇಲೆ ಎಚ್ಚರವಿಲ್ಲ. ಗೋಡೆಗೆ ಒರಗಿ ಕೂರುತ್ತೀಯ, ಎದ್ದು ಹೋಗುವಾಗ ಬೆನ್ನೆಲ್ಲ ಸುಣ್ಣ. ಎಡಗಡೆ ಕೂರು, ಅಲ್ಲಿ ಗೋಡೆಗೆ ಎಣ್ಣೆ ಬಣ್ಣ ಬಳಿದಿದ್ದಾರೆ. ಮತ್ತೆ, ನಾಲ್ಕು ಗಂಟೆಗೆ ಡಬ್ಬಿ ತೆಗೆದು ಮಧ್ಯಾಹ್ನದ ಊಟ ಮಾಡುತ್ತೀಯ. ಇಂಥವಳು ನನ್ನ ಆರೋಗ್ಯ ವಿಚಾರಿಸಲು ಬಂದಿದ್ದಾಳೆ.

ಒಂದೇ ಬೆಲ್ ಒತ್ತುವುದು ಸರಿಯಾಗಿದೆ. ಬಸ್ಸಿನಲ್ಲಿ ಒಂದು ಬೆಲ್ ಅಂದರೆ ನಿಲ್ಲಿಸು, ಯಾರೋ ಹತ್ತುವವರಿದ್ದಾರೆ. ಎರಡು ಬೆಲ್ ಅಂದರೆ ಹೊರಡು. ನಿನಗಿಂತ ಮೊದಲಿನವರೆಲ್ಲ ಎರಡೆರಡು ಸಲ ಒತ್ತುತ್ತಿದ್ದರು. ನಾನು ಒಳಗಿನಿಂದ “ರೈಟ್, ರೈಟ್” ಎಂದು ಕಳಿಸಿಬಿಡುತ್ತಿದ್ದೆ.

ತಾರೀಖು ಹೇಳಿದ್ದು ಒಳ್ಳೆಯದಾಯಿತು. ಅದನ್ನು ಓದಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ, ಆದರೂ ಹೇಳಿದ್ದು ಒಳ್ಳೆಯದೇ. ನನಗೆ ಆ ಕೆಲಸ ಬೇಕು. ಮನೆಯಲ್ಲಿ ಕೂರಲು ಹುಟ್ಟಿದವಳಲ್ಲ ನಾನು. ಆದರೆ ಆ ದಿನ ನಡೆದದ್ದನ್ನು ಕಡತದಲ್ಲಿ ಓದಿದ್ದರೂ ಒಮ್ಮೆ ನನ್ನಿಂದ ಕೇಳು. ಒಂದು ತಿಂಗಳಿಂದ ನೆಟ್ಟಗೆ ಮಲಗಿರಲಿಲ್ಲ. ಬಸ್ಸು ತುಂಬಿತ್ತು. ಮುಂದೆ ಹೋಗಿ, ಮುಂದೆ ಹೋಗಿ ಎಂದು ಕೂಗುತ್ತಿದ್ದೆ. ಇದ್ದಕ್ಕಿದ್ದಂತೆ ಎಲ್ಲರೂ ನನ್ನ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆ ಅನಿಸಿತು. ಹೋಗಿ ಹಿಂದಿನ ಸೀಟಿನ ಕೆಳಗೆ ತೂರಿಕೊಂಡು ಕೂತೆ. ಬಸ್ಸಿಗೆ ಬಸ್ಸನ್ನೇ ಗದರಿಸಿ ನಿಲ್ಲಿಸುತ್ತಿದ್ದವಳು ಸೀಟಿನ ಕೆಳಗೆ. ಡ್ರೈವರಣ್ಣ ಬಂದು ಕೈಮುಗಿದು ಕರೆದರೂ ಏಳಲಿಲ್ಲ. ದಿನಾ ಬರುವ ಅದೇ ಜನ ಬಗ್ಗಿ ಬಗ್ಗಿ ನೋಡಿದರು. ಇನ್ನು ಅವರ ಮುಂದೆಯೇ ಕೈಚಾಚಿ ಟಿಕೆಟ್ ಕೇಳುವುದು ಹೇಗೆ? ಕಾಯಿಲೆಗಿಂತ ಆ ನಾಚಿಕೆಯೇ ನನ್ನನ್ನು ಒಳಗೆ ಕೂಡಿಹಾಕಿದೆ.

ಎರಡು ದಿನದಿಂದ ಒಲೆಯನ್ನೂ ಹಚ್ಚಿಲ್ಲ. ಇಷ್ಟು ಸಾಕು, ಕೈ ನೋಯುತ್ತಿದೆ.

ಇಂತಿ,
ಕಂಡಕ್ಟರಮ್ಮ

*

ಶನಿವಾರ, ಫೆಬ್ರವರಿ 15
(ಕೆಳಗಿನ ಇಸ್ತ್ರಿ ಅಂಗಡಿಯಣ್ಣನ ಮೂಲಕ)

ಮಾನ್ಯರೇ,

ಇಂದು ಶನಿವಾರ, ಬುಧವಾರವಲ್ಲ. ನೀವು ಒಬ್ಬರೇ ಬರಲಿಲ್ಲ. ನಿಮ್ಮ ಹಿಂದೆ ಕೈಯಲ್ಲಿ ಚೀಲ ಹಿಡಿದ ಮಹಾಶಯರೊಬ್ಬರು ನಿಂತಿದ್ದರು. ಬೆಲ್ಲನ್ನು ಅವರು ಎರಡು ಸಲ ಒತ್ತಿದರು.

ಟಿಕೆಟ್ ಇಲ್ಲದವರನ್ನು ಹತ್ತಿಸಿಕೊಂಡು ಬಂದಿದ್ದೀರಿ. ಇಳಿಯಿರಿ.

ಇಂತಿ,
ಫಲಾನುಭವಿ

*

ಬುಧವಾರ, ಫೆಬ್ರವರಿ 19

ಕಂಡಕ್ಟರಮ್ಮನವರಿಗೆ,

ಚೀಟಿ ತಲುಪಿತು. ನಾಲ್ಕು ಮಾತು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನೀವು, ನಿಮ್ಮ ಎಂದು ಬರೆದಿದ್ದೀರಿ. ಅದು ಚುಚ್ಚಿತು.

ತಪ್ಪು ನನ್ನದು. ನಿದ್ದೆಯಿಲ್ಲ, ಒಲೆ ಹಚ್ಚಿಲ್ಲ ಎಂದು ಓದಿ ಗಾಬರಿಯಾದೆ, ಕಚೇರಿಯಲ್ಲಿ ಹೇಳಿದೆ. ಹೀಗಿದ್ದಾಗ ಇಬ್ಬರು ಕೂಡಿ ಹೋಗಿ ನೋಡಬೇಕೆಂಬುದು ನಮ್ಮ ನಿಯಮ. ನಿಯಮದಲ್ಲಿ ತಪ್ಪಿಲ್ಲ. ಆದರೆ ಅಂಥದ್ದೊಂದು ನಿಯಮ ಇದೆಯೆಂದು ನಿಮಗೆ ಮೊದಲೇ ಹೇಳಬೇಕಿತ್ತು. ಅದನ್ನು ಬಿಟ್ಟು, ಬೇರೆ ದಿನ ಬರುವುದಿಲ್ಲ, ಯಾರನ್ನೂ ಕರೆತರುವುದಿಲ್ಲ ಎಂದು ಧಾರಾಳವಾಗಿ ಮಾತು ಕೊಟ್ಟೆ. ಉಳಿಸಿಕೊಳ್ಳುವುದು ನನ್ನ ಕೈಯಲ್ಲಿಲ್ಲದ ಮಾತು ಅದು. ನಿಮಗೆ ಇಷ್ಟವಾಗಲಿ ಎಂದು ಕೊಟ್ಟೆ.

ಇನ್ನು ಮುಂದೆ ಗಾಬರಿಯಾಗುವುದಿಲ್ಲ ಎಂದು ಮತ್ತೊಂದು ಸುಳ್ಳು ಮಾತು ಕೊಡಲಾರೆ. ನಿಮ್ಮ ಮೇಲೆ ಅಕ್ಕರೆ ಬಂದಿದೆ, ಗಾಬರಿ ಅದರ ಜೊತೆಗೇ ಬರುತ್ತದೆ. ಹಾಗಾದಾಗ ನಾನು ಏನು ಮಾಡಬೇಕು? ಅದನ್ನು ನೀವೇ ಹೇಳಿ. ಕಚೇರಿಯವರನ್ನು ಒಪ್ಪಿಸುವ ಹೊಣೆ ನನ್ನದು.

ಎಡಗಡೆಯೇ ಕೂತಿದ್ದೇನೆ. ಬೆನ್ನಿಗೆ ಸುಣ್ಣ ಹತ್ತಿಲ್ಲ.

ಇಂತಿ,
ಐದನೆಯವಳು

*

ಬುಧವಾರ, ಫೆಬ್ರವರಿ 26

ಕಂಡಕ್ಟರಮ್ಮನವರಿಗೆ,

ಇವತ್ತೂ ಬಂದಿದ್ದೆ. ಒಂದು ಬೆಲ್. ಒಳಗೆ ಚಪ್ಪಲಿಯ ಸದ್ದು ಕೇಳಿತು. ಅಷ್ಟರಲ್ಲೇ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದೇನೆ.

ಐದನೆಯವಳು

*

ಬುಧವಾರ, ಮಾರ್ಚ್ 5

ಕಂಡಕ್ಟರಮ್ಮನವರಿಗೆ,

ಇವತ್ತೂ ಬಂದಿದ್ದೆ. ಊಟ ಮಾಡಿಕೊಂಡೇ ಬಂದೆ.

ಐದನೆಯವಳು

*

ಬುಧವಾರ, ಮಾರ್ಚ್ 12

ಐದನೆಯವಳೇ,

ಊಟ ಮಾಡಿಕೊಂಡು ಬಂದದ್ದು ಸಂತೋಷ. ಇನ್ನು ಹೊತ್ತಿಗೆ ಸರಿಯಾಗಿ ಮಾಡುವುದನ್ನು ಕಲಿ.

ನಿನ್ನನ್ನು ಇಷ್ಟು ವಾರ ಕಾಯಿಸಿದ್ದು ಬೇಕೆಂದೇ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ನಾನು ಸಿಡುಕಿದ ಮೇಲೆ ಇವಳೂ ಇಳಿದುಹೋಗುತ್ತಾಳೆಯೇ ಎಂದು ನೋಡಬೇಕಿತ್ತು. ನೀನು ಇಳಿಯಲಿಲ್ಲ. ತಪ್ಪು ಮಾಡಿ ಸಬೂಬು ಹೇಳುವವರನ್ನು ಬಸ್ಸಿನಲ್ಲಿ ದಿನಾ ಕಂಡಿದ್ದೇನೆ. ತಪ್ಪು ಮಾಡಿ ತಪ್ಪು ಎನ್ನುವವರು ಅಪರೂಪ.

ಒಲೆಯ ವಿಷಯ ಕೇಳು. ಗ್ಯಾಸ್ ಮುಗಿದಿತ್ತು. ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ಹಾಯಾಗಿದ್ದೆ. ನನ್ನ ಸಾಮಾನಿನ ಚೀಲವನ್ನು ದಿನಾ ಬಾಗಿಲಿಗೆ ತಗುಲಿಸಿ ಹೋಗುವ ಇಸ್ತ್ರಿ ಅಂಗಡಿಯಣ್ಣನೇ ಸಿಲಿಂಡರ್ ಕೂಡ ತಂದಿಟ್ಟ. ಅಷ್ಟಕ್ಕೆ ನೀನು ದಂಡು ಕಟ್ಟಿಕೊಂಡು ಬಂದೆ. ಆದರೆ ನಿದ್ದೆಯಿಲ್ಲ ಎಂದದ್ದು ನಿಜ. ನಿನ್ನ ಗಾಬರಿ ಪೂರ್ತಿ ದಂಡವಾಗಲಿಲ್ಲ.

ಇನ್ನು ನನ್ನ ನಿಯಮ. ಬೆಳಿಗ್ಗೆ ಎದ್ದ ಕೂಡಲೇ ರಸ್ತೆಯ ಕಡೆಯ ಕಿಟಕಿಗೆ ಹಳದಿ ಟವೆಲ್ ಕಟ್ಟುತ್ತೇನೆ. ಕೆಳಗಿನ ಇಸ್ತ್ರಿ ಅಂಗಡಿಯಣ್ಣ ದಿನಾ ನೋಡಿ ನಿನಗೆ ಫೋನ್ ಮಾಡುತ್ತಾನೆ. ಅದು ಇರುವವರೆಗೆ ನಾನು ಸರಿಯಾಗಿದ್ದೇನೆ. ಬೇಜಾರಿನಲ್ಲಿರಬಹುದು, ಜಗಳ ಕಾಯುತ್ತಿರಬಹುದು, ಆದರೆ ಸರಿಯಾಗಿದ್ದೇನೆ. ಟವೆಲ್ ಕಾಣದಿದ್ದರೆ ಯಾವ ದಿನವಾದರೂ ಬಾ, ಯಾರನ್ನು ಬೇಕಾದರೂ ಕರೆದುಕೊಂಡು ಬಾ, ಚೀಲದ ಮಹಾಶಯರೂ ಬರಲಿ. ಬೆಲ್ ಮಾತ್ರ ಒಂದೇ.

ಇಂತಿ,
ಕಂಡಕ್ಟರಮ್ಮ

*

ಬುಧವಾರ, ಏಪ್ರಿಲ್ 9

ಕಂಡಕ್ಟರಮ್ಮನವರಿಗೆ,

ಟವೆಲ್ ನಿಯಮಕ್ಕೆ ಕಚೇರಿಯಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿತು. ಚೀಲದ ಮಹಾಶಯರಿಗೆ (ಈ ಬಿರುದು ಅವರಿಗೆ ತಿಳಿದಿಲ್ಲ, ತಿಳಿಸುವುದೂ ಇಲ್ಲ) ಒಂದೇ ಅನುಮಾನ: “ಅಲ್ಲಾ, ಟವೆಲ್ ಒಗೆಯೋಕೆ ಹಾಕಿದ ದಿನ ಏನ್ಮಾಡ್ತಾರೆ?” ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಇವತ್ತು ನಡೆದದ್ದನ್ನು ನನ್ನ ನೆನಪಿಗಾಗಿಯಾದರೂ ಬರೆದಿಡಬೇಕು. ಬಾಗಿಲು ಸರಪಳಿಯಷ್ಟು ತೆರೆಯಿತು. ಸಂದಿಯಿಂದ ಒಂದು ಕೈ ಬಂತು, ಕೈಯಲ್ಲಿ ಒಂದು ಲೋಟ ಚಹಾ. ಕೈಗೇ ನಮಸ್ಕಾರ ಹೇಳಿ ಕುಡಿದೆ. ಸಕ್ಕರೆ ವಿಪರೀತ. ಹೇಳಲು ಧೈರ್ಯ ಬರಲಿಲ್ಲ.

ಡಾಕ್ಟರು ಏಪ್ರಿಲ್ 30, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಯ ಕೊಟ್ಟಿದ್ದಾರೆ. ಅದಕ್ಕಿಂತ ಮೊದಲು ಬಿಡುವಿಲ್ಲವಂತೆ. ಡಿಪೋದ ಗಡುವಿಗೂ ಅದೇ ಕೊನೆಯ ದಿನ. ಹತ್ತು ಗಂಟೆಯಿಂದ ನಾನು ನಿಮ್ಮ ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿರುತ್ತೇನೆ. ನೀವು ಇಳಿದು ಬಂದರೆ ಜೊತೆಗೆ ಹೋಗೋಣ. ಬರದಿದ್ದರೆ ಹತ್ತಿ ಬಂದು ಬಲವಂತ ಮಾಡುವುದಿಲ್ಲ, ಎಂದಿನಂತೆ ನಾಲ್ಕಕ್ಕೆ ಬಂದು ಮೆಟ್ಟಿಲ ಮೇಲೆ ಕೂರುತ್ತೇನೆ. ಕೆಲಸ ಹೋದರೂ ಬುಧವಾರ ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ಐದನೆಯವಳು

*

ಬುಧವಾರ, ಏಪ್ರಿಲ್ 23

ಐದನೆಯವಳೇ,

ಸಕ್ಕರೆ ಕಡಿಮೆ ಮಾಡಿದ್ದೇನೆ. ಬಾಯಿದ್ದವರು ಬದುಕಿಕೊಳ್ಳುತ್ತಾರೆ, ಇನ್ನು ಮೇಲೆ ಬಾಯಿಬಿಟ್ಟು ಹೇಳು.

ನನ್ನ ಹತ್ತಿರ ಟವೆಲ್ ಎರಡಿವೆ, ಎರಡೂ ಹಳದಿ. ಇಪ್ಪತ್ತು ವರ್ಷ ದುಡಿದದ್ದಕ್ಕೆ ಡಿಪೋದವರು ಕೊಟ್ಟ ಬಹುಮಾನ ಅದು. ಒಂದನ್ನು ಒಗೆದಾಗ ಇನ್ನೊಂದನ್ನು ಕಟ್ಟುತ್ತೇನೆ. ಮಹಾಶಯರಿಗೆ ಹೇಳಿಬಿಡು, ನೆಮ್ಮದಿಯಾಗಿ ನಿದ್ದೆ ಮಾಡಲಿ.

ನಿನ್ನೆ ಎರಡನೇ ಮಹಡಿಯವರೆಗೆ ಇಳಿದಿದ್ದೆ. ಯಾರದೋ ಬಾಗಿಲು ತೆರೆದ ಸದ್ದಾಯಿತು, ಒಂದೇ ಓಟಕ್ಕೆ ಮೇಲೆ ಬಂದುಬಿಟ್ಟೆ. ಈ ಮೊಣಕಾಲುಗಳಲ್ಲಿ ಅಷ್ಟು ವೇಗ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ. 30ರಂದು ಬರುತ್ತೇನೆಂದು ಮಾತು ಕೊಡುವುದಿಲ್ಲ. ಕೊಟ್ಟು ತಪ್ಪಿದರೆ ನಿನಗೆ ಮುಖ ತೋರಿಸುವುದು ಹೇಗೆ? ನನಗೆ ಭಯವಾಗುತ್ತಿದೆ. ಇದನ್ನು ತಂಗಿಗೂ ಹೇಳಿಲ್ಲ, ನಿನಗೆ ಹೇಳಿದ್ದೇನೆ.

ಇಂತಿ,
ಕಂಡಕ್ಟರಮ್ಮ

*

ಗುರುವಾರ, ಮೇ 1

ಕಂಡಕ್ಟರಮ್ಮನವರಿಗೆ,

ನಿನ್ನೆ ಬಸ್ಸಿನಲ್ಲಿ ಜನರ ಮಧ್ಯೆ ಹೇಳಲಾಗದ್ದು ತುಂಬ ಉಳಿದಿದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಬೆಂಚಿನಲ್ಲಿ ಕೂತು ಮೇಲೆ ನೋಡಿದೆ. ಕಿಟಕಿಯಲ್ಲಿ ಟವೆಲ್ ಇತ್ತು. ಚೆನ್ನಾಗಿದ್ದೀರಿ ಎಂದು ಸಮಾಧಾನವಾಯಿತು. ಹೊತ್ತು ಹೋಗುತ್ತಿತ್ತು, ನೀವು ಬರಲಿಲ್ಲ. ಇನ್ನು ಬರುವುದಿಲ್ಲ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ. ನಾಲ್ಕು ಗಂಟೆಗೆ ನಗುಮುಖ ಹೊತ್ತು ಬರುವುದು ಹೇಗೆ ಎಂದು ಯೋಚಿಸುತ್ತ ತಲೆ ಎತ್ತಿದಾಗ ಟವೆಲ್ ಇರಲಿಲ್ಲ.

ಮೂರು ಮಹಡಿ ಹೇಗೆ ಹತ್ತಿದೆನೋ ತಿಳಿಯದು. ಇಸ್ತ್ರಿ ಅಂಗಡಿಯಣ್ಣ “ಏನಾಯ್ತಮ್ಮಾ” ಎನ್ನುತ್ತ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದೇ ಹಿಂದೆ ಓಡಿ ಬಂದ. ಆದರೂ ಒಂದೇ ಬೆಲ್ ಒತ್ತಿದೆ. ಬಾಗಿಲು ತೆರೆಯಿತು, ಪೂರ್ತಿ. ನೀವು ಯೂನಿಫಾರ್ಮ್ ಹಾಕಿ, ಹೆಗಲಿಗೆ ಚರ್ಮದ ಚೀಲ ಏರಿಸಿ ನಿಂತಿದ್ದಿರಿ.

“ಟವೆಲ್ ಒಗೆಯೋಕೆ ಹಾಕಿದ್ದೆ” ಎಂದಿರಿ. ನಾನು ಸರಿ ಎಂದೆ. “ಹೇಗೂ ಬಂದಿದ್ದೀಯಲ್ಲ, ಮುಂದೆ ಇಳಿ, ನಿನ್ನ ಹಿಂದೇನೇ ಬರ್ತೀನಿ. ಅಣ್ಣಾ, ಆ ಪೆಟ್ಟಿಗೆ ಅತ್ತ ಹಿಡ್ಕೊಳಪ್ಪ, ನನಗೆ ಇಸ್ತ್ರಿ ಬೇಡ” ಎಂದಿರಿ. ಆ ಒಂದು ಮಾತಿನಿಂದ ನನ್ನ ಉಸಿರು ಹಿಂದಿರುಗಿತು.

ಬಸ್ಸಿನಲ್ಲಿ ನೀವು ಹಿಡಿದುಕೊಂಡ ತೋಳಿನ ಮೇಲೆ ಐದು ಬೆರಳೂ ಮೂಡಿವೆ. ಅಮ್ಮ ನೋಡಿ ಏನಿದು ಎಂದು ಕೇಳಿದರು. ಕೆಲಸದಲ್ಲಿ ಬಡ್ತಿ ಸಿಕ್ಕಿತು ಎಂದೆ.

ಡಾಕ್ಟರು ಬರೆದುಕೊಟ್ಟ ಕಾಗದ ನಿನ್ನೆಯೇ ಡಿಪೋ ತಲುಪಿದೆ. ಜೂನ್ ಮೊದಲ ವಾರದಿಂದ ನಿಮ್ಮ ಹಳೆಯ ಬಸ್ಸೇ ನಿಮಗೆ, ಸದ್ಯಕ್ಕೆ ಮಧ್ಯಾಹ್ನದ ಪಾಳಿ ಮಾತ್ರ. ಔಷಧಿ ಬಿಡುವಂತಿಲ್ಲ, ಬುಧವಾರವನ್ನೂ.

ಇಂತಿ,
ಐದನೆಯವಳು

*

ಬುಧವಾರ, ಜೂನ್ 11

ಐದನೆಯವಳೇ,

ಒಂದು ವಾರ ದುಡಿದೆ. ಮೊದಲ ದಿನ ಮೊದಲ ಸ್ಟಾಪಿನಲ್ಲೇ ಹತ್ತಿದವರು ನನ್ನ ಹಳೆಯ ಗಿರಾಕಿ, ಶಾಲೆಯ ಟೀಚರಮ್ಮ. ಆ ದಿನವೂ ಬಸ್ಸಿನಲ್ಲಿದ್ದವರು. ಟಿಕೆಟ್ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರೇ ದುಡ್ಡು ಚಾಚಿ, “ಎಲ್ಲಿಗೆ ಹೋಗಿದ್ರಿ ಇಷ್ಟು ದಿನ? ನೀವಿಲ್ದೆ ಈ ಬಸ್ಸಲ್ಲಿ ಒಬ್ಬರೂ ಮುಂದೆ ಹೋಗಲ್ಲ, ಎಲ್ಲಾ ಬಾಗಿಲಲ್ಲೇ ನಿಂತಿರ್ತಾರೆ” ಎಂದರು. ಹಿಂದಿನಿಂದ ಯಾರೋ, “ಬೈಯೋರು ಬಂದ್ರು, ಸರೀರಪ್ಪಾ” ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಟೀಚರಮ್ಮ ಇಳಿಯುವಾಗ ಮೆಲ್ಲಗೆ, “ಈಗ ಹೇಗಿದ್ದೀರಿ?” ಎಂದು ಕೇಳಿದರು. “ಔಷಧಿ ತಗೋತಿದ್ದೀನಿ, ಪರವಾಗಿಲ್ಲ” ಎಂದೆ. ಅಷ್ಟು ಹೇಳಲು ಇಷ್ಟು ತಿಂಗಳು ಹೆದರಿ ಕೂತಿದ್ದೆನಲ್ಲ ಅನಿಸಿತು.

ಎಲ್ಲ ದಿನವೂ ಹೀಗಿಲ್ಲ. ಶುಕ್ರವಾರ ಬಸ್ಸು ಕಿಕ್ಕಿರಿದಾಗ ಎದೆ ಹೊಡೆದುಕೊಳ್ಳತೊಡಗಿತು. ಡ್ರೈವರಣ್ಣನಿಗೆ ಒಂದು ಬೆಲ್ ಕೊಟ್ಟೆ. ನಿಲ್ಲಿಸಿದ. ಹತ್ತುವವರೂ ಇರಲಿಲ್ಲ, ಇಳಿಯುವವರೂ ಇರಲಿಲ್ಲ, ಆದರೂ ಅವನು ಏನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಸ್ವಲ್ಪ ಗಾಳಿ ಕುಡಿದು ಎರಡು ಬೆಲ್ ಕೊಟ್ಟೆ. ಹೊರಟೆವು.

ಇನ್ನೊಂದು ಮಾತು. ಆ ಬುಧವಾರ ನಾನು ಟವೆಲ್ ಒಗೆಯಲು ಹಾಕಿರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡು ಬಾಗಿಲವರೆಗೆ ಬಂದಿದ್ದೆ. ಚಿಲಕ ತೆಗೆದೆ, ಕಾಲು ಮಾತ್ರ ಹೊಸ್ತಿಲು ದಾಟಲಿಲ್ಲ. ಕಿಟಕಿಗೆ ಹೋಗಿ ನೋಡಿದರೆ ಬೆಂಚಿನಲ್ಲಿ ನೀನು ತಲೆ ತಗ್ಗಿಸಿ ಕೂತಿದ್ದೆ. ನನ್ನೊಬ್ಬಳಿಂದ ಇದು ಆಗುವುದಿಲ್ಲ, ಇವಳನ್ನು ಕರೆಯಬೇಕು ಅನಿಸಿತು. ಕಿಟಕಿಯಿಂದ ಕೂಗಿದರೆ ಬೀದಿಯೆಲ್ಲ ತಲೆ ಎತ್ತಿ ನೋಡುತ್ತದೆ. ಅದಕ್ಕೆ ಟವೆಲ್ ಬಿಚ್ಚಿದೆ. ಕಾಯಿಲೆ ಬಿದ್ದ ಮೇಲೆ ನಾನಾಗಿ ಒಬ್ಬರನ್ನು ಕರೆದದ್ದು ಅದೇ ಮೊದಲು. ಕರೆದರೆ ಬರುತ್ತಾರೆ ಎಂದು ಗೊತ್ತಿದ್ದದ್ದೂ ಅದೇ ಮೊದಲು.

ಇಂತಿ,
ಕಂಡಕ್ಟರಮ್ಮ

*

ಗುರುವಾರ, ಜೂನ್ 12

ಕಂಡಕ್ಟರಮ್ಮನವರಿಗೆ,

ಟವೆಲ್ ಎರಡಿವೆ, ಒಂದನ್ನು ಒಗೆದಾಗ ಇನ್ನೊಂದನ್ನು ಕಟ್ಟುತ್ತೇನೆ ಎಂದು ನೀವೇ ಬರೆದಿದ್ದಿರಿ. ಅವತ್ತು ಮೆಟ್ಟಿಲು ಇಳಿಯುತ್ತಿರುವಾಗಲೇ ಅದು ನೆನಪಾಯಿತು. ತಿರುಗಿ ನೋಡಲಿಲ್ಲ. ಸದ್ದಿಲ್ಲದೆ ನಗುತ್ತ, ಅಳುತ್ತ ಇಳಿದೆ. ನಾನು ಮುಂದಿದ್ದದ್ದರಿಂದ ನಿಮಗೆ ಕಾಣಲಿಲ್ಲ.

ನನಗೆ ಇನ್ನೊಂದು ಬಾಗಿಲು ಕೊಟ್ಟಿದ್ದಾರೆ. ಅದರ ವಿಷಯ ನಿಮಗೆ ಹೇಳುವಂತಿಲ್ಲ. ಆ ಬಾಗಿಲಿಗೆ ನಾನು ಮೊದಲನೆಯವಳು ಎಂದಷ್ಟು ಹೇಳಬಹುದು. ನಿಯಮಗಳನ್ನೆಲ್ಲ ಮೊದಲ ಪತ್ರದಲ್ಲೇ ಬರೆದಿದ್ದೇನೆ. ಬೆಲ್ ಒಂದೇ. ಗೋಡೆಗೆ ಒರಗುವ ಮೊದಲು ಸುಣ್ಣವೋ ಎಣ್ಣೆ ಬಣ್ಣವೋ ಎಂದು ಮುಟ್ಟಿ ನೋಡಿದೆ.

ನಿನ್ನೆ ಬುಧವಾರ ನಾಲ್ಕು ಗಂಟೆಗೆ ಮೆಟ್ಟಿಲ ಬದಲು ನಿಮ್ಮ ಬಸ್ಸು ಹತ್ತಿದಾಗ ನನ್ನ ಹತ್ತಿರವೂ ಕೈಚಾಚಿ ಟಿಕೆಟ್ ಕೇಳಿದಿರಿ. “ಅಮ್ಮಾ, ನಾನು” ಎಂದೆ. “ಯಾರಾದ್ರೇನು, ಚಿಲ್ಲರೆ ಕೊಡು, ಮುಂದೆ ಹೋಗು” ಎಂದಿರಿ. ದುಡ್ಡು ಕೊಟ್ಟೆ. ನಿಮ್ಮ ಕಾಗದದ ಮಡಿಕೆಯೊಳಗೆ ಟಿಕೆಟ್ಟಿಟ್ಟು ಕೈಗೆ ತುರುಕಿದಿರಿ.

ಆ ಟಿಕೆಟ್ಟನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಇನ್ನು ಮೇಲೆ ಎಷ್ಟೇ ಕೋಪ ಬಂದರೂ ನೀವು ನನ್ನನ್ನು ಇಳಿ ಅನ್ನುವಂತಿಲ್ಲ.

ಇಂತಿ,
ನಿಮ್ಮ ಐದನೆಯವಳು